ಆರ್ಗ್ಯಾನಿಕ್ಕಾ ಅಂದ್ರೆ ನ್ಯಾಚುರಲ್ ಅಂತಾರೆ

ಮದ್ದೂರು, ಮಂಡ್ಯ, ಪಾಂಡವಪುರದ ಕಡೆ ರಸ್ತೆ ಬದಿಯ ಬೆಲ್ಲದ ಅಂಗಡಿಗಳಲ್ಲಿ ದಿನಕ್ಕೆ ಎಷ್ಟೋ ಸಲ ನಡೆಯುವ ಮಾತುಕತೆ ಇದು. ಕಾರು ನಿಲ್ಲುತ್ತದೆ. ಬೆಂಗಳೂರಿನವರೋ ಮೈಸೂರಿನವರೋ ಒಬ್ಬರು ಇಳಿದು ಬಂದು ಅಚ್ಚು ಬೆಲ್ಲದ ರಾಶಿ ಮುಟ್ಟಿ ನೋಡಿ ಕೇಳುತ್ತಾರೆ:

“ಇದು ಆರ್ಗ್ಯಾನಿಕ್ಕಾ ಅಣ್ಣ?”

“ಹೂಂ ಕಣಕ್ಕ, ಫುಲ್ ನ್ಯಾಚುರಲ್ಲು. ಒಂಚೂರೂ ಕೆಮಿಕಲ್ ಹಾಕಿಲ್ಲ. ಬಣ್ಣ ನೋಡಿ, ಹೆಂಗೈತೆ ಕರ್ರಗೆ!”

ಅಕ್ಕ ತಲೆಯಾಡಿಸಿ ಎರಡು ಕೆಜಿ ಕಟ್ಟಿಸಿಕೊಂಡು ಹೊರಡುತ್ತಾರೆ. ಅಣ್ಣ ಸುಳ್ಳು ಹೇಳಿಲ್ಲದೆಯೂ ಇರಬಹುದು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಸಿಕ್ಕಿಲ್ಲ. ಅಕ್ಕ ಕೇಳಿದ್ದರಲ್ಲಿ ಮುಖ್ಯವಾಗಿ ಇದ್ದದ್ದು ಗದ್ದೆ, ಅಣ್ಣ ಹೇಳಿದ್ದು ಬೆಲ್ಲ ಕಾಯಿಸುವ ಕೊಪ್ಪರಿಗೆಯ ಸುದ್ದಿ, ಸಾಕ್ಷಿಗೆ ತೋರಿಸಿದ್ದು ಬಣ್ಣ. ಆ ಬಣ್ಣ ಎರಡರಲ್ಲಿ ಯಾವುದಕ್ಕೂ ನಂಬುವಂಥ ಸಾಕ್ಷಿಯಲ್ಲ. ಎರಡು ಇಂಗ್ಲಿಷ್ ವಿಶೇಷಣಗಳು ನಮ್ಮ ಬಾಯಲ್ಲಿ ಒಂದೇ ಆಗಿಬಿಟ್ಟಿವೆ. ಮೈಸೂರಿನ ಸಂತೆಪೇಟೆಯ ಸಗಟು ಅಂಗಡಿಯಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನವರೆಗೆ ಆರ್ಗ್ಯಾನಿಕ್ ಮತ್ತು ನ್ಯಾಚುರಲ್ ಅಂದರೆ ‘ಒಳ್ಳೇದು’ ಅಂತ ಅಷ್ಟೇ ಅರ್ಥ. ಹೀಗೆ ಬೆರೆಸಿದ್ದರಿಂದ ಹೆಚ್ಚಿಗೆ ನಷ್ಟವಾಗುತ್ತಿರುವುದು ಯಾರಿಗೆ ಅಂದರೆ, ಎರಡರಲ್ಲಿ ಒಂದನ್ನು ನಿಜವಾಗಿ ಮಾಡುತ್ತಿರುವ ರೈತನಿಗೆ.

ಎರಡು ಪದಗಳ ಜಾತಕ

ನ್ಯಾಚುರಲ್ ಹಳೇ ಪದ, ಸಡಿಲ ಪದ. ನ್ಯಾಚುರಲ್ ಡೆತ್, ನ್ಯಾಚುರಲ್ ಲೈಟ್, ನ್ಯಾಚುರಲ್ ಗ್ಯಾಸ್, ‘ಆಕ್ಟಿಂಗ್ ತುಂಬಾ ನ್ಯಾಚುರಲ್ ಆಗಿತ್ತು’ — ಎಲ್ಲದರಲ್ಲೂ ಇರುವುದು ಮನುಷ್ಯ ಅಷ್ಟಾಗಿ ಕೈಯಾಡಿಸಿಲ್ಲ ಎನ್ನುವ ಭಾವ. ಅಷ್ಟಾಗಿ ಅಂದರೆ ಎಷ್ಟು? ಅದಕ್ಕೆ ಗೆರೆ ಇಲ್ಲ. ಅದಕ್ಕೇ ವೆರಿ ನ್ಯಾಚುರಲ್, ಮೋರ್ ನ್ಯಾಚುರಲ್ ಅನ್ನುವುದಕ್ಕೆ ಇಂಗ್ಲಿಷ್ ಬಿಡುತ್ತದೆ. ಊಟದ ಸಾಮಾನಿನ ಮುಂದೆ ನಿಂತಾಗ ಆರ್ಗ್ಯಾನಿಕ್ ಹಾಗೆ ಬಗ್ಗುವುದಿಲ್ಲ. ಅದು ಹೌದು ಇಲ್ಲವೇ ಅಲ್ಲ, ನಡುವೆ ಏನೂ ಇಲ್ಲ. ‘ವೆರಿ ಆರ್ಗ್ಯಾನಿಕ್ ಬೆಲ್ಲ’ ಅಂತ ಒಂದು ಇರಲಾರದು. ಯಾಕೆಂದರೆ ಆ ಪದದ ಹಿಂದೆ ಒಂದು ನಿಯಮಾವಳಿ ಇದೆ, ಅದನ್ನು ಪಾಲಿಸಿದ್ದೀರಿ ಅಥವಾ ಇಲ್ಲ.

ಆರ್ಗ್ಯಾನಿಕ್‌ಗೆ ಇನ್ನೊಂದು ಮನೆಯೂ ಇದೆ: ರಸಾಯನಶಾಸ್ತ್ರ. ಜೀವಿಗಳ ಒಡಲಲ್ಲಿ ಮಾತ್ರ ಹುಟ್ಟುವ ವಸ್ತುಗಳು ಬೇರೆ, ಕಲ್ಲು ಮಣ್ಣಿನಿಂದ ಬರುವುದು ಬೇರೆ ಎಂದು ಒಂದು ಕಾಲದಲ್ಲಿ ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರ್ ಅಮೋನಿಯಂ ಸಯನೇಟಿನಿಂದ ಪ್ರಯೋಗಶಾಲೆಯಲ್ಲೇ ಒಂದು ಆರ್ಗ್ಯಾನಿಕ್ ವಸ್ತು ಮಾಡಿ ಆ ನಂಬಿಕೆಯನ್ನು ಅಲ್ಲಾಡಿಸಿದರು. ಆ ವಸ್ತು ಯಾವುದು ಗೊತ್ತೇ? ಯೂರಿಯಾ. ನಮ್ಮ ಪಿಯುಸಿ ಹುಡುಗರು ಸಾವಯವ ರಸಾಯನಶಾಸ್ತ್ರದ ಮೊದಲ ಪಾಠದಲ್ಲಿ ಓದುವ ಯೂರಿಯಾ, ಸಾವಯವ ಕೃಷಿಯಲ್ಲಿ ಎಲ್ಲಕ್ಕಿಂತ ಮೊದಲು ನಿಷಿದ್ಧವಾದದ್ದು. ಜಿಪ್ಸಂ, ಶಿಲಾರಂಜಕ, ಸುಣ್ಣ ಇವೆಲ್ಲ ರಸಾಯನಶಾಸ್ತ್ರದಲ್ಲಿ ನಿರವಯವ. ಸಾವಯವ ಗದ್ದೆಗೆ ಇವನ್ನು ಹಾಕಬಹುದು, ಏಕೆಂದರೆ ಅವು ಅಗೆದು ತೆಗೆದ ಖನಿಜಗಳು, ಕಾರ್ಖಾನೆಯಲ್ಲಿ ಸಂಶ್ಲೇಷಿಸಿದವಲ್ಲ. ಇಂಗ್ಲಿಷಿನಲ್ಲಿರುವ ಗೊಂದಲವನ್ನು ನಾವು ‘ಸಾವಯವ’ ಎಂಬ ಒಂದೇ ಪದದಲ್ಲಿ ಇಡಿಯಾಗಿ ಇಳಿಸಿಕೊಂಡಿದ್ದೇವೆ. ಕೃಷಿಗೆ ಆರ್ಗ್ಯಾನಿಕ್ ಪದವನ್ನು 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ಬಳಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಕೆಮಿಕಲ್ ಇಲ್ಲ ಎನ್ನುವುದಷ್ಟೇ ಅಲ್ಲ, ಇಡೀ ಜಮೀನು ಒಂದು ಜೀವಿಯಂತೆ ಎನ್ನುವ ಕಲ್ಪನೆ. ದನ, ಗೊಬ್ಬರ, ಮಣ್ಣು, ಬೆಳೆ ಒಂದನ್ನೊಂದು ನಡೆಸಿಕೊಂಡು ಹೋಗಬೇಕು ಅಂತ.

ಎರಡರ ವಿರುದ್ಧ ಪದ ಹುಡುಕಿದರೆ ಅಂತರ ಇನ್ನೂ ಚೆನ್ನಾಗಿ ಕಾಣುತ್ತದೆ. ನ್ಯಾಚುರಲ್‌ಗೆ ಎದುರು ಆರ್ಟಿಫಿಶಿಯಲ್ ಅಥವಾ ಸಿಂಥೆಟಿಕ್. ಆರ್ಗ್ಯಾನಿಕ್ ಕಬ್ಬಿಗೆ ಎದುರು ‘ಇನ್ಆರ್ಗ್ಯಾನಿಕ್ ಕಬ್ಬು’ ಅಂತ ಯಾರೂ ಹೇಳುವುದಿಲ್ಲ, ವ್ಯಾಪಾರದ ಇಂಗ್ಲಿಷಿನಲ್ಲಿ ಅದಕ್ಕೆ ಕನ್ವೆನ್ಷನಲ್ ಅನ್ನುತ್ತಾರೆ. ಅಂದರೆ ರೂಢಿಯದು, ವಾಡಿಕೆಯದು. ಯೂರಿಯಾ ಚೀಲ ವಾಡಿಕೆಯಾಗಿ ಎಷ್ಟು ಬೇರೂರಿದೆ ಅಂದರೆ ಅಜ್ಜಂದಿರ ಕಾಲದ ತಿಪ್ಪೆಗೊಬ್ಬರಕ್ಕೆ ಈಗ ಪ್ರಮಾಣಪತ್ರ ಬೇಕು!

ಕೊಪ್ಪರಿಗೆಯಲ್ಲಿ ಏನಾಗುತ್ತದೆ

ನ್ಯಾಚುರಲ್ ಪದ ನಿಜವಾಗಿ ಪರೀಕ್ಷೆಗೆ ಬೀಳುವುದು ಆಲೆಮನೆಯಲ್ಲಿ. ಗಾಣದಿಂದ ಇಳಿಯುವ ಕಬ್ಬಿನ ಹಾಲು ಮಾಸಲು ಹಸಿರು. ಅದರಲ್ಲಿ ಸಕ್ಕರೆಯ ಜೊತೆ ಮಣ್ಣು, ಸಿಪ್ಪೆಯ ಚೂರು, ಮೇಣ, ಸಸಾರಜನಕ, ಅಂಟು ಎಲ್ಲ ಇರುತ್ತದೆ. ಸ್ವಲ್ಪ ಹುಳಿಯೂ ಇರುತ್ತದೆ, ಪಿಎಚ್ 5ರಿಂದ 5.5ರ ಆಸುಪಾಸು. ಹುಳಿ ಇದ್ದಂತೆಯೇ ಕಾಯಿಸಿದರೆ ಸಕ್ಕರೆ ಒಡೆದು ಗ್ಲೂಕೋಸು, ಫ್ರಕ್ಟೋಸು ಆಗುತ್ತದೆ. ಅಂಥ ಪಾಕ ಅಚ್ಚಿಗೆ ಕೂರುವುದಿಲ್ಲ. ಕೂತರೂ ಮಳೆಗಾಲ ಬಂದ ಕೂಡಲೇ ಬೆವರಲು ಶುರು. ಅದಕ್ಕೆ ಸುಣ್ಣದ ತಿಳಿನೀರು ಹಾಕುತ್ತಾರೆ. ಕಮ್ಮಿಯಾದರೆ ಬೆಲ್ಲ ಮೆತ್ತಗೆ, ಜಾಸ್ತಿಯಾದರೆ ಕಪ್ಪು. ಹಾಲು ಬಿಸಿಯಾಗಿ ಇನ್ನೇನು ಕುದಿ ಬರಬೇಕು ಅನ್ನುವಾಗ ಬೆಂಡೆ ಗಿಡದ ಕಾಂಡ, ಬೇರು ಜಜ್ಜಿ ನೀರಲ್ಲಿ ನೆನೆಸಿ ತೆಗೆದ ಲೋಳೆ ಬೀಳಬೇಕು. ಕುದಿ ಎದ್ದ ಮೇಲೆ ಹಾಕಿದರೆ ಅರ್ಧ ಕೆಲಸ ಹಾಳು, ಏಕೆಂದರೆ ಉಕ್ಕುವ ಹಾಲಿನಲ್ಲಿ ಮಡ್ಡಿ ಮೇಲೆ ನಿಲ್ಲುವುದಿಲ್ಲ, ಒಡೆದು ಮತ್ತೆ ಒಳಗೆ ಸೇರುತ್ತದೆ. ಸರಿಯಾದ ಹೊತ್ತಿನಲ್ಲಿ ಬಿದ್ದರೆ ಲೋಳೆ ಆ ಕಸವನ್ನೆಲ್ಲ ಅಂಟಿಸಿಕೊಂಡು ದಪ್ಪನೆಯ ಕರಿ ಮಡ್ಡಿಯಾಗಿ ಮೇಲೇಳುತ್ತದೆ. ತೂತಿನ ಸೌಟಿನಲ್ಲಿ ಅದನ್ನು ಬಾಚಿ ತೆಗೆಯುವುದೇ ಆಲೆಮನೆಯ ಅಸಲು ಕಸುಬು. ತಾಳ್ಮೆ ಇಲ್ಲದವನ ಕೊಪ್ಪರಿಗೆ ಅಲ್ಲೇ ಗೊತ್ತಾಗುತ್ತದೆ. ನೊರೆ ಉಕ್ಕದಂತೆ ಹರಳೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಒಂದೆರಡು ಚಮಚ. ಪಾಕ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಇಳಿಸಿದರೆ ಅಚ್ಚು ಬೆಲ್ಲ, 105ರ ಸುಮಾರಿಗೆ ಇಳಿಸಿದರೆ ಜೋನಿ ಬೆಲ್ಲ, 120 ದಾಟಿಸಿ ಉಜ್ಜಿದರೆ ಪುಡಿ. ಥರ್ಮಾಮೀಟರ್ ಇಲ್ಲದವರು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಉಂಡೆ ಕಟ್ಟಿ ನೋಡುತ್ತಾರೆ. ಒಂದು ಟನ್ ಕಬ್ಬಿಗೆ 100 ಕೆಜಿ ಬೆಲ್ಲ ಕಂಡರೆ ಸಮಾಧಾನ.

ಈಗ ಹೈಡ್ರೋಸ್. ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಬಣ್ಣ ಕಳೆಯಲು ಬಳಸುವ ಬಿಳಿ ಪುಡಿ. ಕಾಯುತ್ತಿರುವ ಕೊಪ್ಪರಿಗೆಗೆ ಒಂದಿಷ್ಟು ಉದುರಿಸಿದರೆ ಸಾಕು, ಕಂದು ಪಾಕ ಕಣ್ಣೆದುರಿಗೇ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಮಡ್ಡಿ ತೆಗೆಯುವ ಶ್ರಮ ಉಳಿಯಿತು, ಮಾರುಕಟ್ಟೆಯಲ್ಲಿ ಹಳದಿ ಬೆಲ್ಲಕ್ಕೆ ದರವೂ ಸಿಕ್ಕಿತು. ತೊಂದರೆ ಎರಡು. ಗಂಧಕದ ಡೈಆಕ್ಸೈಡ್ ಬೆಲ್ಲದಲ್ಲಿ ಉಳಿಯುತ್ತದೆ. ನಮ್ಮ ಆಹಾರ ನಿಯಮದ ಪ್ರಕಾರ ಅದು 70 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 70 ಭಾಗ) ದಾಟಬಾರದು, ಕೈ ಅಳತೆಯಲ್ಲಿ ಉದುರಿಸುವವನಿಗೆ ಆ ಲೆಕ್ಕ ಎಲ್ಲಿಂದ ಬರಬೇಕು? ಎರಡನೆಯದು, ಆ ಹೊಳಪು ನಿಲ್ಲುವುದಿಲ್ಲ. ಗಾಳಿ ತಾಕಿದಂತೆಲ್ಲ ಕೆಲವೇ ವಾರಗಳಲ್ಲಿ ಬಣ್ಣ ಮತ್ತೆ ಇಳಿಯುತ್ತದೆ, ಬೆಲ್ಲ ನೀರು ಹೀರುತ್ತದೆ. ಡಬ್ಬದಲ್ಲಿಟ್ಟ ಹಳದಿ ಬೆಲ್ಲ ತಿಂಗಳೊಳಗೆ ಮಾಸಿ ಅಂಟಂಟಾದರೆ ಅನುಮಾನ ಪಡಬಹುದು. ಆದರೆ ಖಾತ್ರಿಗೆ ಲ್ಯಾಬೇ ಗತಿ, ಗಂಧಕಕ್ಕೆ ಮನೆ ಪರೀಕ್ಷೆ ಇಲ್ಲ. ನಿಂಬೆರಸ ಹಿಂಡಿದಾಗ ಬುರುಬುರು ನೊರೆ ಬಂದರೆ ಅದು ಸೋಡಾದ ಲಕ್ಷಣ, ಹೈಡ್ರೋಸಿನದಲ್ಲ. ಇವೆರಡನ್ನೂ ಒಂದೇ ಮಾಡಿ ಹರಿದಾಡುವ ವಿಡಿಯೊಗಳನ್ನು ನಂಬಬೇಡಿ.

ಅಂಗಡಿಯ ಅಣ್ಣ ‘ಕೆಮಿಕಲ್ ಹಾಕಿಲ್ಲ’ ಅಂದಾಗ ಅವರ ಮಟ್ಟಿಗೆ ಕೆಮಿಕಲ್ ಅಂದರೆ ಹೈಡ್ರೋಸ್. ಸುಣ್ಣ ಅವರಿಗೆ ಕೆಮಿಕಲ್ ಅಲ್ಲ, ಎಲೆ ಅಡಿಕೆಗೆ ಹಚ್ಚುವ ಸಾಮಾನು. ನನ್ನ ಲೆಕ್ಕದಲ್ಲಿ ಅವರ ಬಳಕೆ ತಪ್ಪೇನಲ್ಲ. ಸುಣ್ಣ, ಬೆಂಡೆ ಲೋಳೆ ಇವು ಕೆಲಸ ಮುಗಿಸಿ ಬಹುಪಾಲು ಮಡ್ಡಿಯ ಜೊತೆ ಹೊರಗೆ ಹೋಗುತ್ತವೆ, ಹೈಡ್ರೋಸ್ ಹಾಕುವುದು ಕಣ್ಣಿಗೆ ಚೆಂದ ಕಾಣಲಿ ಅಂತ. ಆ ವ್ಯತ್ಯಾಸ ಮುಖ್ಯ. ಸಕ್ಕರೆ ಬೆರೆಸುವವರ ವಿಷಯದಲ್ಲಿ ಮಾತ್ರ ಈ ಸಡಿಲ ಅರ್ಥ ಕೈಕೊಡುತ್ತದೆ. ಹಳೇ ಕಬ್ಬು, ಒಣಗಿದ ಕಬ್ಬು ಬಂದಾಗ ಪಾಕ ಕೂರುವುದಿಲ್ಲ ಅಂತ ಅಗ್ಗದ ಸಕ್ಕರೆ ಸುರಿದು ಅಚ್ಚು ಹಾಕುವವರಿದ್ದಾರೆ. ‘ಸಕ್ಕರೇನೂ ಕಬ್ಬಿಂದೇ ತಾನೇ?’ ಅಂತ ಅವರು ಕೇಳಿದರೆ ನ್ಯಾಚುರಲ್ ಪದದ ಬಾಯಿ ಮುಚ್ಚಿಹೋಗುತ್ತದೆ.

ಗದ್ದೆಯಲ್ಲಿ ಏನಾಗಿರಬೇಕು

ಇದುವರೆಗೆ ಹೇಳಿದ್ದರಲ್ಲಿ ಕಬ್ಬು ಹೇಗೆ ಬೆಳೆಯಿತು ಎನ್ನುವುದು ಎಲ್ಲೂ ಬರಲಿಲ್ಲ ನೋಡಿ. ಐದು ಚೀಲ ಯೂರಿಯಾ ಉಂಡು, ಕಳೆನಾಶಕ ಕುಡಿದು ಬೆಳೆದ ಕಬ್ಬನ್ನೂ ಬೆಂಡೆ ಲೋಳೆ ಹಾಕಿ ಶುದ್ಧವಾಗಿ ಕಾಯಿಸಬಹುದು. ಆ ಬೆಲ್ಲ ನ್ಯಾಚುರಲ್ ಹೌದು, ಆರ್ಗ್ಯಾನಿಕ್ ಅಲ್ಲ. ಐದು ಚೀಲ ಅಂದದ್ದು ಸುಮ್ಮನೆ ಅಲ್ಲ. ಮಂಡ್ಯ ಭಾಗದ ನೀರಾವರಿ ಕಬ್ಬಿಗೆ ಹೆಕ್ಟೇರಿಗೆ 250 ಕೆಜಿ ಸಾರಜನಕ, ಅಂದರೆ ಎಕರೆಗೆ ಸುಮಾರು 100 ಕೆಜಿ ಎನ್ನುವುದು ರೂಢಿಯ ಶಿಫಾರಸು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಭಾಗ, 45 ಕೆಜಿಯ ಒಂದು ಚೀಲದಲ್ಲಿ ಹತ್ತಿರ ಹತ್ತಿರ 21 ಕೆಜಿ. ಅದೇ 100 ಕೆಜಿಯನ್ನು ಕೊಟ್ಟಿಗೆ ಗೊಬ್ಬರದಿಂದ ಕೊಡಬೇಕಾದರೆ, ನೂರಕ್ಕೆ ಅರ್ಧ ಭಾಗ ಸಾರಜನಕ ಅಂತ ಹಿಡಿದರೂ ಎಕರೆಗೆ 20 ಟನ್ ಬೇಕು. ಬೈಕಿನ ಹಿಂದೆ ಕಟ್ಟಿ ತರುವ ಚೀಲಗಳು ಒಂದು ಕಡೆ, ಟ್ರ್ಯಾಕ್ಟರ್ ಟ್ರೇಲರುಗಳ ಸಾಲು ಇನ್ನೊಂದು ಕಡೆ. ಅಪ್ಸೆಣಬು, ಡಯಾಂಚದಂಥ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಮಣ್ಣಿಗೆ ಸೇರಿಸಿ, ತರಗು ಸುಡದೆ ಸಾಲಿಗೆ ಹೊದಿಸಿ, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಯಲ್ಲಿ ಅದನ್ನೇ ಕೊಳೆಸಿ ಈ ಭಾರ ಕಡಿಮೆ ಮಾಡಿಕೊಳ್ಳುತ್ತಾರೆ. ಆದರೂ ಮೊದಲೆರಡು ವರ್ಷ ಇಳುವರಿ ಕುಸಿಯುವುದು ಸಾಮಾನ್ಯ.

ಆ ಎರಡು ವರ್ಷಗಳೇ ಆರ್ಗ್ಯಾನಿಕ್ ಪದದ ಜೀವ. ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಎಪಿಇಡಿಎ ನಡೆಸುವ, 2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚೆ ಕನಿಷ್ಠ ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ಜಮೀನು ಪರಿವರ್ತನೆಯಲ್ಲಿರಬೇಕು. ನಡುವೆ ಒಂದು ಸಲ ನಿಷಿದ್ಧ ಔಷಧ ಹೊಡೆದರೆ ಆವರೆಗಿನ ಎಣಿಕೆ ನೀರಲ್ಲಿ ಹೋಮ. ಹಾಗಾಗಿ ಆರ್ಗ್ಯಾನಿಕ್ ಎನ್ನುವುದು ಕೈಯಲ್ಲಿರುವ ಬೆಲ್ಲದ ಗುಣಕ್ಕಿಂತ ಹೆಚ್ಚಾಗಿ ಆ ಬೆಲ್ಲದ ಚರಿತ್ರೆ. ಅದನ್ನು ನಾಲಗೆ ಹೇಳಲಾರದು. ಕೀಟನಾಶಕದ ಶೇಷ ಹುಡುಕಲು ಲ್ಯಾಬಿಗೆ ಆಗುತ್ತದೆ. ಆದರೆ ಬೆಲ್ಲದ ತುಣುಕು ಹಿಡಿದುಕೊಂಡು ಈ ಕಬ್ಬು ಯೂರಿಯಾ ಉಂಡಿತ್ತೋ ತಿಪ್ಪೆಗೊಬ್ಬರ ಉಂಡಿತ್ತೋ ಎಂದು ಸಲೀಸಾಗಿ ಹೇಳುವ ಪರೀಕ್ಷೆ ಇಲ್ಲ. ಅದಕ್ಕೇ ಕಾಗದಪತ್ರ, ಡೈರಿ, ತಪಾಸಣೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಇನ್ನೊಂದು ತಲೆನೋವು: ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ. ಮೇಲಿನ ಗದ್ದೆಯವನು ಭತ್ತಕ್ಕೆ ಹಾಕಿದ್ದು ಕೆಳಗಿನವನ ಸಾವಯವ ಕಬ್ಬಿಗೆ ಬರುತ್ತದೆ. ಬದು ಎತ್ತರಿಸಬೇಕು, ನೀರಿನ ದಾರಿ ಬೇರೆ ಮಾಡಬೇಕು, ಅಂಚಿನ ಒಂದಿಷ್ಟು ಸಾಲು ಬಿಟ್ಟುಕೊಡಬೇಕು. ಅಣ್ಣತಮ್ಮಂದಿರ ಭಾಗದ ಜಮೀನಾದರೆ ಇದು ಬೇಸಾಯದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಗದ್ದೆಗೂ ಕೊಪ್ಪರಿಗೆಗೂ ಸಂಬಂಧವೇ ಇಲ್ಲ ಎಂದೇನಲ್ಲ. ಸಾರಜನಕ ಅತಿಯಾದ, ಅದರಲ್ಲೂ ತಡವಾಗಿ ಮೇಲುಗೊಬ್ಬರ ಕೊಟ್ಟ ಕಬ್ಬಿನ ಹಾಲು ತಿಳಿಯಾಗಲು ಒದ್ದಾಡುತ್ತದೆ, ಬೆಲ್ಲ ಕಪ್ಪಾಗಿ ಮೆತ್ತಗಾಗುತ್ತದೆ. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಯದಿದ್ದರೂ ಅದೇ ಗತಿ. ಹೈಡ್ರೋಸಿನ ಡಬ್ಬಕ್ಕೆ ಕೈ ಹೋಗುವುದು ಇಂಥ ದಿನಗಳಲ್ಲೇ. ಅಂದರೆ ಗದ್ದೆಯಲ್ಲಿ ಸರಿ ಮಾಡಿದವನಿಗೆ ಕೊಪ್ಪರಿಗೆಯಲ್ಲಿ ಸರಿ ಮಾಡುವುದು ಸುಲಭ. ಒಂದು ಇನ್ನೊಂದಕ್ಕೆ ನೆರವಾಗಬಹುದು, ಗ್ಯಾರಂಟಿ ಕೊಡಲಾರದು.

ಬಾಡಿಗೆ ಆಲೆಮನೆ

ಇಲ್ಲಿ ಇನ್ನೊಂದು ಗಂಟು. ನಿಯಮದ ಆರ್ಗ್ಯಾನಿಕ್ ಗದ್ದೆಗೆ ನಿಲ್ಲುವುದಿಲ್ಲ, ಸಂಸ್ಕರಣೆಗೂ ಬರುತ್ತದೆ. ಸಾವಯವ ಸಕ್ಕರೆ ಪದಾರ್ಥ ಮಾಡುವಾಗ ಸುಣ್ಣಕ್ಕೆ ಅನುಮತಿ ಇದೆ, ಹೈಡ್ರೋಸಿಗೆ ಇಲ್ಲ. ಹಾಗಾದರೆ ಆರ್ಗ್ಯಾನಿಕ್ ಬೆಲ್ಲ ಎಂದರೆ ಎರಡೂ ಸೇರಿತಲ್ಲ? ಪುಸ್ತಕದಲ್ಲಿ ಹೌದು. ನಡೆಯುವುದು ಹೀಗೆ: ರೈತನ ಹತ್ತಿರ ಗದ್ದೆಯ ಪ್ರಮಾಣಪತ್ರ ಇರುತ್ತದೆ, ಸ್ವಂತ ಆಲೆಮನೆ ಇರುವುದಿಲ್ಲ. ಪಕ್ಕದೂರಿನ ಆಲೆಮನೆಗೆ ಬಾಡಿಗೆಗೆ ಒಯ್ಯುತ್ತಾನೆ. ಆ ಗಾಣದ ರೋಲರುಗಳ ಸಂದಿಯಲ್ಲಿ ಹಿಂದಿನವನ ಕಬ್ಬಿನ ಹಾಲು, ಕೊಪ್ಪರಿಗೆಯ ಅಂಚಿಗೆ ಹಿಂದಿನ ಪಾಕದ ಕರಕಲು, ಅಚ್ಚಿನ ಮಣೆಯ ಮೂಲೆಯಲ್ಲಿ ಹಿಂದಿನ ಬೆಲ್ಲ. ಕೆಲಸಗಾರರಿಗೆ ದಿನವೂ ಹೈಡ್ರೋಸ್ ಉದುರಿಸುವ ಅಭ್ಯಾಸ. ಮಾಲೀಕ ಬೇಡ ಅಂದರೂ ‘ಒಂಚೂರು ಹಾಕಿದ್ರೆ ಪಾಕ ತಿಳಿಯಾಯ್ತದೆ ಬುದ್ಧಿ’ ಅಂತ ಕೈ ಆಡಿಸಿಬಿಡುತ್ತಾರೆ. ಜಾಣ ರೈತ ಬೆಳಗಿನ ಮೊದಲ ಕೊಪ್ಪರಿಗೆಯನ್ನೇ ಕಾದಿರಿಸುತ್ತಾನೆ, ಹಿಂದಿನ ರಾತ್ರಿಯೇ ಗಾಣ, ಕೊಪ್ಪರಿಗೆ, ಮಣೆ ತೊಳೆಸುತ್ತಾನೆ, ಮೊದಲು ಇಳಿದ ಹಾಲನ್ನು ಬಿಟ್ಟುಬಿಡುತ್ತಾನೆ, ಮಡ್ಡಿ ತೆಗೆಯುವ ಹೊತ್ತಿಗೆ ಒಲೆಯ ಪಕ್ಕ ತಾನೇ ನಿಲ್ಲುತ್ತಾನೆ. ಇಷ್ಟು ಮಾಡದಿದ್ದರೆ ಅವನ ಹತ್ತಿರ ಇರುವುದು ಆರ್ಗ್ಯಾನಿಕ್ ಕಬ್ಬಿನ ಬೆಲ್ಲ. ಅದು ಆರ್ಗ್ಯಾನಿಕ್ ಬೆಲ್ಲ ಅಲ್ಲ. ವಿಶೇಷಣ ಯಾವ ಪದಕ್ಕೆ ಅಂಟಿಕೊಂಡಿದೆ ಎನ್ನುವುದು ವ್ಯಾಕರಣದವರ ಪ್ರಶ್ನೆ ಅಂದುಕೊಂಡಿರುತ್ತೇವೆ, ಇಲ್ಲಿ ಅದಕ್ಕೆ ಕೆಜಿಗೆ ಇಷ್ಟು ರೂಪಾಯಿ ಅಂತ ಬೆಲೆ ಇದೆ.

(ಒಲೆಗೆ ಏನು ಹಾಕುತ್ತಾರೆ ಎನ್ನುವುದನ್ನು ಈ ಎರಡು ಪದಗಳೂ ಪೊಟ್ಟಣದ ಮೇಲೆ ಹೇಳುವುದಿಲ್ಲ. ಕಬ್ಬಿನ ಸಿಪ್ಪೆ ಒಣಗಿಸಿ ಉರಿಸುವ ಆಲೆಮನೆಯೂ ಇದೆ, ಹೊಗೆಯ ವಾಸನೆಯಲ್ಲೇ ಬೇರೆ ಏನೋ ಉರಿಯುತ್ತಿದೆ ಅಂತ ಗೊತ್ತಾಗುವ ಆಲೆಮನೆಯೂ ಇದೆ.)

ಕಾನೂನಿನ ಕಣ್ಣಲ್ಲಿ

ನ್ಯಾಚುರಲ್‌ಗೆ ಗೆರೆ ಇಲ್ಲ ಎಂದೆ. ಬಳಕೆಯಲ್ಲಿ ಇಲ್ಲ, ನಮ್ಮ ದೇಶದ ಲೇಬಲ್ ಕಾನೂನಿನಲ್ಲಿ ಇದೆ. ಅಮೆರಿಕದಲ್ಲಿ ಆರ್ಗ್ಯಾನಿಕ್‌ಗೆ 2002ರಿಂದಲೇ ಪಕ್ಕಾ ನಿಯಮ ಜಾರಿಯಲ್ಲಿದೆ. ನ್ಯಾಚುರಲ್ ಅಂದರೆ ಏನು ಎಂದು ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಜನರನ್ನೇ ಕೇಳಿತು. ಇಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮದಲ್ಲಿ ಅದಕ್ಕೆ ಬೇಲಿ ಹಾಕಿದೆ. ಗಿಡ, ಪ್ರಾಣಿ, ಖನಿಜ ಇಂಥ ಮೂಲದಿಂದ ಬಂದ ಒಂಟಿ ಪದಾರ್ಥ, ಅದಕ್ಕೆ ಏನನ್ನೂ ಸೇರಿಸಿರಬಾರದು, ತಿನ್ನಲು ಯೋಗ್ಯವಾಗುವಷ್ಟು ಮಾತ್ರ ಸಂಸ್ಕರಿಸಿರಬೇಕು — ಹುರಿಯುವುದು, ಒಣಗಿಸುವುದು, ಬತ್ತಿಸುವುದು ಇಂಥವು. ಕೇಳಿದ ಕೂಡಲೇ ಸಕ್ಕರೆ ಬೆರೆಸಿದವನ ವಾದ ಬಿದ್ದುಹೋಯಿತು: ‘ಏನನ್ನೂ ಸೇರಿಸಿರಬಾರದು’ ಅಂದರೆ ಕಬ್ಬಿನಿಂದ ಬಂದ ಸಕ್ಕರೆಯನ್ನೂ ಸೇರಿಸಬಾರದು.

ಇದರಿಂದ ಒಂದು ತಮಾಷೆ ಹುಟ್ಟುತ್ತದೆ. ಒಂದಕ್ಕಿಂತ ಹೆಚ್ಚು ಪದಾರ್ಥ ಸೇರಿದ ತಿನಿಸನ್ನು ನ್ಯಾಚುರಲ್ ಎಂದು ಕರೆಯುವಂತಿಲ್ಲ. ಹೆಚ್ಚೆಂದರೆ ‘ನ್ಯಾಚುರಲ್ ಪದಾರ್ಥಗಳಿಂದ ಮಾಡಿದ್ದು’ ಅನ್ನಬಹುದು, ಅದೂ ಪ್ರತಿಯೊಂದು ಪದಾರ್ಥವೂ ಆ ಷರತ್ತಿಗೆ ಕೂತರೆ. ಆರ್ಗ್ಯಾನಿಕ್‌ಗೆ ಆ ಅಡ್ಡಿ ಇಲ್ಲ, ಪದಾರ್ಥಗಳಲ್ಲಿ ನೂರಕ್ಕೆ 95 ಭಾಗ ಪ್ರಮಾಣಿತ ಸಾವಯವ ಆಗಿದ್ದರೆ ಸಾಕು. ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿದ ಮೈಸೂರು ಪಾಕ್ ಆರ್ಗ್ಯಾನಿಕ್ ಆಗಬಹುದು, ನ್ಯಾಚುರಲ್ ಎಂದಿಗೂ ಆಗಲಾರದು! ಉಪ್ಪಿನದು ಇದಕ್ಕೆ ತಿರುಗಾಮುರುಗಾ. ಸಮುದ್ರದ ಉಪ್ಪು ನ್ಯಾಚುರಲ್ ಆಗಬಹುದು, ಆದರೆ ಉಪ್ಪು ಮತ್ತು ನೀರು ಸಾವಯವ ಲೆಕ್ಕಕ್ಕೇ ಸೇರುವುದಿಲ್ಲ. ಯಾರೂ ಬಿತ್ತಿ ಬೆಳೆಯದ್ದಕ್ಕೆ ಎರಡು ವರ್ಷದ ಪರಿವರ್ತನೆ ಎಲ್ಲಿಂದ ತರುವುದು? ‘ಆರ್ಗ್ಯಾನಿಕ್ ಉಪ್ಪು’ ಅಂತ ಬರೆದ ಪೊಟ್ಟಣ ಕಂಡರೆ ಅದೇ ಕಂಪನಿಯ ಬೇರೆ ಮಾತುಗಳನ್ನೂ ಒಂದು ಚಿಟಿಕೆ ಉಪ್ಪಿನ ಜೊತೆಗೇ ನುಂಗಿ.

ಆರ್ಗ್ಯಾನಿಕ್ ಎಂದು ಲೇಬಲ್ ಮೇಲೆ ಬರೆಯಲು 2017ರ ಸಾವಯವ ಆಹಾರ ನಿಯಮದ ಪ್ರಕಾರ ದಾರಿ ಎರಡು. ಒಂದು, ಮೇಲೆ ಹೇಳಿದ ರಾಷ್ಟ್ರೀಯ ಕಾರ್ಯಕ್ರಮದಡಿ ಹೊರಗಿನ ಸಂಸ್ಥೆಯಿಂದ ಪ್ರಮಾಣೀಕರಣ. ರಫ್ತಿಗೆ ಇದೇ ಬೇಕು, ಖರ್ಚು ಜಾಸ್ತಿ. ಇನ್ನೊಂದು ಪಿಜಿಎಸ್-ಇಂಡಿಯಾ: ಅಕ್ಕಪಕ್ಕದ ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಗದ್ದೆಯನ್ನು ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡುವ ವ್ಯವಸ್ಥೆ, ದೇಶದೊಳಗಿನ ಮಾರಾಟಕ್ಕೆ. ಪರಿವರ್ತನೆಯಲ್ಲಿರುವವರಿಗೆ ಪಿಜಿಎಸ್-ಗ್ರೀನ್, ಮುಗಿಸಿದವರಿಗೆ ಪಿಜಿಎಸ್-ಆರ್ಗ್ಯಾನಿಕ್. ತಾನು ಬೆಳೆದದ್ದನ್ನು ತಾನೇ ನೇರವಾಗಿ ಮಾರುವ ಸಣ್ಣ ರೈತನಿಗೆ ಪ್ರಮಾಣೀಕರಣದಿಂದ ವಿನಾಯಿತಿ ಇದೆ, ಜೈವಿಕ್ ಭಾರತ್ ಎಂಬ ಸರ್ಕಾರಿ ಸಾವಯವ ಗುರುತನ್ನು ಹಾಕಿಕೊಳ್ಳುವಂತಿಲ್ಲ ಅಷ್ಟೆ. ಹಾಗಾಗಿ ರಸ್ತೆ ಬದಿಯಲ್ಲಿ ಗುರುತಿಲ್ಲದ ಬೆಲ್ಲ ಇಟ್ಟವರೆಲ್ಲ ಮೋಸಗಾರರಲ್ಲ. ಬೇರೆಯವರ ಬೆಲ್ಲ ತಂದು ಪ್ಯಾಕ್ ಮಾಡಿ ಮಾರುವವರಿಗೆ ಆ ರೈತನ ನೆಪ ಸಲ್ಲದು.

ಕಪ್ಪು ಬಣ್ಣದ ಹೊಸ ಮರ್ಯಾದೆ

ಹಳದಿಗೆ ದರವಿದ್ದ ಕಾಲದಲ್ಲಿ ಹೈಡ್ರೋಸ್ ಬಂತು. ಈಗ ನಗರದವರು ಕಪ್ಪು ಕೇಳುತ್ತಿದ್ದಾರೆ, ಕಪ್ಪು ಮಾಡಿ ಕೊಡುವುದು ಇನ್ನೂ ಸುಲಭ. ಸುಣ್ಣ ಒಂದು ಹಿಡಿ ಹೆಚ್ಚು, ಪಾಕ ಸ್ವಲ್ಪ ಹೊತ್ತಿಸಿದರೆ ಆಯಿತು. ಮಡ್ಡಿ ಬಾಚದೆ ಬಿಟ್ಟರೂ ಆಯಿತು. ಹಳೇ ಕಬ್ಬು, ತುಕ್ಕು ಹಿಡಿದ ಗಾಣ, ಚೌಳು ಮಣ್ಣು ಇವೆಲ್ಲವೂ ಬೆಲ್ಲವನ್ನು ಕಪ್ಪಾಗಿಸುತ್ತವೆ. ಒಳ್ಳೆಯ ಹದಕ್ಕೆ ಬಂದ, ಚೆನ್ನಾಗಿ ಮಡ್ಡಿ ತೆಗೆದ, ಏನೂ ಬೆರೆಸದ ಬೆಲ್ಲ ನಿಜವಾಗಿ ಜೇನಿನ ಕಂದು ಅಥವಾ ಅದಕ್ಕಿಂತ ಕೊಂಚ ಗಾಢ, ತಳಿಯ ಮೇಲೆ, ಮಣ್ಣಿನ ಮೇಲೆ ಹೋಗುತ್ತದೆ. ಕರ್ರಗಿದೆ ಅನ್ನುವುದು ಆರ್ಗ್ಯಾನಿಕ್‌ಗೂ ಪುರಾವೆಯಲ್ಲ, ನ್ಯಾಚುರಲ್‌ಗೂ ಅಲ್ಲ. ಹೆಚ್ಚೆಂದರೆ ಹೈಡ್ರೋಸ್ ಬಿದ್ದಿಲ್ಲ ಎನ್ನುವುದಕ್ಕೆ ಅರ್ಧ ಪುರಾವೆ, ಏಕೆಂದರೆ ಅದು ಬಿದ್ದು ತಿಂಗಳಾದ ಬೆಲ್ಲವೂ ಕಪ್ಪಾಗಿರುತ್ತದೆ.

ಇದಕ್ಕೆಲ್ಲ ಕಿರೀಟದಂತೆ ಇನ್ನೊಂದು ಗೊಂದಲ ಬಂದಿದೆ: ನ್ಯಾಚುರಲ್ ಫಾರ್ಮಿಂಗ್. ಇಲ್ಲಿ ನ್ಯಾಚುರಲ್ ಪದ ಆಲೆಮನೆ ಬಿಟ್ಟು ಗದ್ದೆಗೆ ಇಳಿದು ಆರ್ಗ್ಯಾನಿಕ್ ಜೊತೆ ಜಗಳಕ್ಕೆ ನಿಂತಿದೆ. ಸುಭಾಷ್ ಪಾಳೇಕರ್ ಅವರ ದಾರಿಯಲ್ಲಿ ನಡೆಯುವ ನಮ್ಮ ಭಾಗದ ನೈಸರ್ಗಿಕ ಕೃಷಿಕರು ಲೋಡುಗಟ್ಟಲೆ ಗೊಬ್ಬರ, ಎರೆಗೊಬ್ಬರ ಕೊಂಡು ಹಾಕುವುದನ್ನು ಒಪ್ಪುವುದಿಲ್ಲ. ಸಾವಯವದವರು ಅದನ್ನೇ ಹಾಕುತ್ತಾರೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ನೈಸರ್ಗಿಕ ಕೃಷಿಗೆ ಪ್ರತ್ಯೇಕ ರಾಷ್ಟ್ರೀಯ ಮಿಷನ್ನಿಗೇ ಒಪ್ಪಿಗೆ ಕೊಟ್ಟಿತು. ಈ ನೈಸರ್ಗಿಕ ಕೃಷಿಕರು ಗೊಬ್ಬರದ ಬದಲು ಮಣ್ಣಿಗೆ ಹಾಕುವ ಜೀವಾಮೃತದ ಅಳತೆ ಊರಲ್ಲಿ ಎಲ್ಲರಿಗೂ ಬಾಯಿಪಾಠ: 200 ಲೀಟರ್ ನೀರಿಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, 2 ಕೆಜಿ ಬೆಲ್ಲ. ಆ ಬೆಲ್ಲ ಎಲ್ಲಿಯದು? ಸೂಕ್ಷ್ಮಜೀವಿಗಳಿಗೆ ಮೇವಾಗಿ ಹಾಕುವ ಬೆಲ್ಲ ಹೈಡ್ರೋಸಿನದ್ದಾದರೆ ಅರ್ಥವಿಲ್ಲ ಅಂತ ತಿಳಿದವರು ಆಲೆಮನೆಯಿಂದಲೇ ಕರಿ ಬೆಲ್ಲ ತರುತ್ತಾರೆ. ನ್ಯಾಚುರಲ್ ಗದ್ದೆಗೆ ನ್ಯಾಚುರಲ್ ಬೆಲ್ಲ. ಇಲ್ಲಿ ಮಾತ್ರ ಪದ ಎರಡೂ ಕಡೆ ಸರಿಯಾಗಿ ಕೂತಿದೆ.

ಕೊಳ್ಳುವವರು ಪ್ರಶ್ನೆಯನ್ನು ಎರಡಾಗಿ ಒಡೆದರೆ ಸಾಕು. ‘ಕಬ್ಬಿಗೆ ಏನು ಹಾಕಿದ್ರಿ?’ ‘ಪಾಕಕ್ಕೆ ಏನು ಹಾಕಿದ್ರಿ?’ ಇಂಗ್ಲಿಷಿನ ವಿಶೇಷಣವೇ ಬೇಡ. ಮೊದಲನೆಯದಕ್ಕೆ ತಡವರಿಸಿ ಎರಡನೆಯದಕ್ಕೆ ‘ಸುಣ್ಣ, ಬೆಂಡೆ ಲೋಳೆ ಅಷ್ಟೆ’ ಎಂದು ಥಟ್ಟನೆ ಹೇಳಿದರೆ ಅದು ನ್ಯಾಚುರಲ್ ಬೆಲ್ಲ, ಅದಕ್ಕೆ ತಕ್ಕ ಬೆಲೆ ಕೊಡಿ. ಆರ್ಗ್ಯಾನಿಕ್ ಬೆಲೆ ಬೇಡ. ಪೊಟ್ಟಣದ್ದಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಪ್ರಮಾಣಪತ್ರ ಕೊಟ್ಟವರ ಹೆಸರು ಇದೆಯೇ ನೋಡಿ, ಕಬ್ಬಿಗೋ ಬೆಲ್ಲಕ್ಕೋ ಅದು ಎನ್ನುವುದನ್ನೂ ನೋಡಿ. ಮಾರುವವರಿಗೂ ಒಂದು ಮಾತು, ಅದರಲ್ಲೂ ಪರಿವರ್ತನೆಯ ಎರಡನೇ ವರ್ಷದಲ್ಲಿ ಸಿಕ್ಕಿಕೊಂಡು, ಇಳುವರಿಯೂ ಕಡಿಮೆ, ಆರ್ಗ್ಯಾನಿಕ್ ಅನ್ನುವ ಹಾಗೂ ಇಲ್ಲ ಅಂತ ಕೂತಿರುವವರಿಗೆ. ಲೇಬಲ್ ಮೇಲೆ ಹೊಗಳಿಕೆಯ ಪದ ಬಿಟ್ಟು ಇಷ್ಟು ಬರೆಯಿರಿ: ಕಬ್ಬಿನ ತಳಿ, ಊರು, ರಾಸಾಯನಿಕ ಗೊಬ್ಬರ ನಿಲ್ಲಿಸಿದ ತಿಂಗಳು ಮತ್ತು ವರ್ಷ, ಪಾಕಕ್ಕೆ ಹಾಕಿದ್ದು, ಕಾಯಿಸಿದ ದಿನಾಂಕ. ಗುಂಪಿನಲ್ಲಿದ್ದರೆ ಪಿಜಿಎಸ್-ಗ್ರೀನ್ ಅಂತಲೂ ಹಾಕಿ. ಅಂಗೈಯಗಲದ ಚೀಟಿಯಲ್ಲಿ ಇದು ಹಿಡಿಸುತ್ತದೆ.